ಮೊಹರು ಬಿದ್ದ ಕಾಗದ

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ಎಲ್ಲಾ ಮುಗೀತು ಅತ್ತೆ. ವಿಚ್ಛೇದನಕ್ಕೆ ಜಡ್ಜ್ ಸಹಿ ಆಯ್ತಂತೆ. ಲಾಯರ್ ಪಿಡಿಎಫ್ ಕಳಿಸಿದ್ದಾರೆ, ತೆಗೆದು ನೋಡೋಕೂ ಮನಸ್ಸಿಲ್ಲ" ಅಂದೆ. ಹೊತ್ತಾಗಿತ್ತು, ಮಗು ಮಲಗಿತ್ತು, ನಿನ್ನ ದನಿ ಸೋತಿತ್ತು. ಮಲಗಮ್ಮ ಅಂತ ಹೇಳಿ ಫೋನ್ ಇಟ್ಟೆ. ನನಗೆ ಮಾತ್ರ ನಿದ್ದೆ ಹತ್ತಲಿಲ್ಲ. ನೋಡಲು ಮನಸ್ಸಿಲ್ಲದ ಕಾಗದವನ್ನು ಟ್ರಂಕಿನ ತಳಕ್ಕೆ ಹಾಕಿ, ಮೇಲೆ ರೇಷ್ಮೆ ಸೀರೆ ಮಡಿಸಿಟ್ಟು, ಮೂವತ್ತು ವರ್ಷ ಆ ಕಡೆ ತಿರುಗದೆ ಇದ್ದವಳು ನಾನು. ಅದರಿಂದ ಏನಾಯಿತು ಅನ್ನುವುದನ್ನು ನಿನ್ನಪ್ಪನಿಗೂ ಹೇಳಿಲ್ಲ. ನಿನಗೆ ಹೇಳಬೇಕು.

ನಿನ್ನ ತಾತ ಹಾಸನದ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದದ್ದು ನಿನಗೆ ಗೊತ್ತು. ಸಂಜೆ ಮನೆಗೆ ಬಂದಾಗ ಅವರ ಬೆರಳುಗಳಲ್ಲಿ ಅರಗಿನ ವಾಸನೆ ಇರುತ್ತಿತ್ತು. ಜನ ವರ್ಷಗಟ್ಟಲೆ ಕೋರ್ಟಿಗೆ ಅಲೆದು, ಕೊನೆಗೆ ತೀರ್ಪು ಪಡೆದು, ನಕಲು ತೆಗೆದುಕೊಳ್ಳದೆ ಊರಿಗೆ ಹೋಗಿಬಿಡುತ್ತಿದ್ದರಂತೆ. ಹತ್ತು ವರ್ಷದ ಮೇಲೆ ಖಾತೆ ಬದಲಾವಣೆಗೋ ಬ್ಯಾಂಕ್ ಸಾಲಕ್ಕೋ ಅದೇ ಜನ ರೆಕಾರ್ಡ್ ರೂಮಿನ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು, ಕೇಸಿನ ನಂಬರೂ ನೆನಪಿಲ್ಲದೆ. ಊಟಕ್ಕೆ ಕೂತಾಗ ಅಪ್ಪ ಅವರ ಕಥೆ ಹೇಳುತ್ತಿದ್ದರು, ಬೇಸರದಿಂದ. ಅಂಥವರ ಮಗಳಾಗಿ ನಾನೂ ಅದನ್ನೇ ಮಾಡಿದೆ.

ನನ್ನ ಮದುವೆ ಆದದ್ದು 1972ರ ಡಿಸೆಂಬರಿನಲ್ಲಿ, ಮೈಸೂರಿನಲ್ಲಿ. ಬೇರೆಯಾದದ್ದು ಕ್ಯಾಲಿಫೋರ್ನಿಯಾದ ಒಂದು ಕೌಂಟಿಯಲ್ಲಿ. 1982ರ ಸೆಪ್ಟೆಂಬರಿನಲ್ಲಿ ಕೋರ್ಟಿನ ಮೊಹರಿದ್ದ ನಾಲ್ಕು ಹಾಳೆ ಅಂಚೆಯಲ್ಲಿ ಬಂದವು. ಅಲ್ಲಿನ ಕಾಗದಗಳಲ್ಲಿ ಇವರ ವಿರುದ್ಧ ಅವರು ಅಂತ ಬರೆಯುವುದಿಲ್ಲ. "ಇವರ ವಿವಾಹದ ವಿಷಯವಾಗಿ" ಅಂತ ಬರೆದು ಇಬ್ಬರ ಹೆಸರನ್ನೂ ಒಟ್ಟಿಗೆ ಹಾಕುತ್ತಾರೆ. ವಿವಾಹ ಅನ್ನುವ ಪದದ ಕೆಳಗೆ ನಮ್ಮಿಬ್ಬರ ಹೆಸರು ನೋಡಿದ್ದೇ ಸಾಕಾಯಿತು. ಮುಂದೆ ಓದಲಿಲ್ಲ. ಮಡಿಸಿ ಟ್ರಂಕಿಗೆ ಹಾಕಿದೆ, ಎರಡು ತಿಂಗಳಿಗೆ ಆ ಊರು ಬಿಟ್ಟೆ, ಹೊಸ ವಿಳಾಸವನ್ನು ಯಾರಿಗೂ ಕೊಡಲಿಲ್ಲ.

2012ರಲ್ಲಿ ನನಗೆ ಅರವತ್ತಾರು. ಶಾಲೆಯ ಲೈಬ್ರರಿಯಲ್ಲಿ ಅರೆಕಾಲಿಕ ಕೆಲಸ ಮಾಡಿದವಳು, ಬರುವ ಪಿಂಚಣಿ ಕೈಗೂ ಬಾಯಿಗೂ ಸಾಲುವಂತಿರಲಿಲ್ಲ. ಆಗ ದೇವಸ್ಥಾನದಲ್ಲಿ ಪರಿಚಯವಾದ ಒಬ್ಬ ತಮಿಳು ಹೆಂಗಸು ಹೇಳಿದಳು: ಮದುವೆ ಹತ್ತು ವರ್ಷ ಬಾಳಿದ್ದರೆ, ವಿಚ್ಛೇದನವಾಗಿದ್ದರೂ, ಮರುಮದುವೆ ಆಗದಿದ್ದರೆ, ಮಾಜಿ ಗಂಡನ ದುಡಿಮೆಯ ಲೆಕ್ಕದಲ್ಲಿ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಸಿಗುತ್ತದೆ, ಪೂರ್ಣ ವಯಸ್ಸಿಗೆ ಅವರ ಮೊತ್ತದ ಅರ್ಧದವರೆಗೆ. ಅದರಿಂದ ಅವರಿಗೆ ಬರುವುದು ಒಂದು ಡಾಲರೂ ಕಡಿಮೆಯಾಗುವುದಿಲ್ಲ, ಅವರನ್ನು ಕೇಳಬೇಕಾಗಿಯೂ ಇಲ್ಲ. ನಾನು ಟ್ರಂಕಿನಿಂದ ಆ ನಾಲ್ಕು ಹಾಳೆ ತೆಗೆದುಕೊಂಡು ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಎರಡು ಸಲ ಓದಿ, ಮೆಲ್ಲಗೆ ಹೇಳಿದರು: ಇದು ಕೊನೆಯ ತೀರ್ಪಲ್ಲಮ್ಮ.

ಕ್ಯಾಲಿಫೋರ್ನಿಯಾದಲ್ಲಿ 1984ರ ಜುಲೈಗೆ ಮುಂಚೆ ವಿಚ್ಛೇದನ ಎರಡು ಮೆಟ್ಟಿಲಲ್ಲಿ ಆಗುತ್ತಿತ್ತು. ಮೊದಲು ಇಂಟರ್‌ಲಾಕ್ಯುಟರಿ ಜಡ್ಜ್‌ಮೆಂಟ್, ಅಂದರೆ ವಿಚ್ಛೇದನಕ್ಕೆ ಅರ್ಹರು ಎಂದು ಹೇಳುವ ಮಧ್ಯಂತರ ತೀರ್ಪು. ಕಾಯುವ ಅವಧಿ ಕಳೆದ ಮೇಲೆ ಫೈನಲ್ ಜಡ್ಜ್‌ಮೆಂಟ್. ಎರಡನೆಯದು ದಾಖಲಾಗುವ ತನಕ ಕಾನೂನಿನ ಕಣ್ಣಿಗೆ ಅವರು ಗಂಡ ಹೆಂಡತಿಯೇ. ನನ್ನ ಹತ್ತಿರ ಇದ್ದದ್ದು ಮೊದಲಿನದು. ಎರಡನೆಯದು ಬಂದೇ ಇಲ್ಲವೋ, ಹಳೆಯ ವಿಳಾಸಕ್ಕೆ ಹೋಗಿ ವಾಪಸ್ಸಾಯಿತೋ, ನಾನು ಕೇಳಿದವಳೇ ಅಲ್ಲ. ಕೈಯಲ್ಲಿದ್ದ ಕಾಗದದ ತಾರೀಖು ಹಿಡಿದರೆ ನಮ್ಮ ಮದುವೆಯ ಆಯುಸ್ಸು ಒಂಬತ್ತು ವರ್ಷ ಒಂಬತ್ತು ತಿಂಗಳು.

ಬಸ್ಸಿನಲ್ಲಿ ಆರು ಗಂಟೆ ಕೂತು ಆ ಕೌಂಟಿಯ ಕೋರ್ಟ್‌ಹೌಸಿಗೆ ಹೋದೆ. ಯಾರನ್ನೂ ಜೊತೆಗೆ ಕರೆಯಲಿಲ್ಲ. ಕರೆದರೆ ಕಾರಣ ಹೇಳಬೇಕಲ್ಲ. ಕೌಂಟರಿನಲ್ಲಿದ್ದ ಹುಡುಗಿ ನಿನ್ನ ವಯಸ್ಸಿನವಳು. ಗಂಡನಾಗಿದ್ದವರ ಹೆಸರು ಹೇಳಿದೆ, ಸಿಗಲಿಲ್ಲ. ನನ್ನ ಹೆಸರು ಹೇಳಿದೆ, ಸಿಗಲಿಲ್ಲ. ಅವಳು ಸೋಲಲಿಲ್ಲ. "ನಿಮ್ಮವರು ಹೆಸರನ್ನು ಬೇರೆ ಬೇರೆ ಥರ ಬರೆಯುತ್ತಾರೆ ಅಲ್ಲವಾ, ಎಲ್ಲವನ್ನೂ ಬರೆದುಕೊಡಿ" ಅಂತ ಒಂದು ಚೀಟಿ ಕೊಟ್ಟಳು. ಅವರ ಊರಿನ ಹೆಸರು, ತಂದೆಯ ಹೆಸರು, ಇಟ್ಟ ಹೆಸರು ಮೂರನ್ನೂ ಬರೆದೆ. ಊರಿನ ಹೆಸರಿನ ಕೆಳಗೆ, ಒಂದು ಅಕ್ಷರ ತಪ್ಪಾಗಿ, ನಮ್ಮ ಕೇಸು ಮೈಕ್ರೋಫಿಲ್ಮಿನಲ್ಲಿತ್ತು. ಫೈನಲ್ ಜಡ್ಜ್‌ಮೆಂಟ್ ದಾಖಲಾದದ್ದು 1983ರ ಮಾರ್ಚಿನಲ್ಲಿ. ಹತ್ತು ವರ್ಷ ಮೂರು ತಿಂಗಳು. ಅವಳು ನಕಲು ತೆಗೆದು, ಹಿಂದುಗಡೆ ಮೊಹರು ಒತ್ತಿ, ಸಹಿ ಹಾಕಿ ನನ್ನ ಕೈಗಿಟ್ಟಳು. ಅಲ್ಲಿಯ ಬೆಂಚಿನ ಮೇಲೆ ಕೂತು ಮೊದಲ ಸಲ ಪೂರ್ತಿ ಓದಿದೆ. ಆ ಮೂರು ತಿಂಗಳು ಇವತ್ತಿಗೂ ನನ್ನ ಮನೆ ಬಾಡಿಗೆಗೆ ಒದಗುತ್ತಿವೆ.

ಅದಕ್ಕೇ ಈ ಕಾಗದ ಬರೆಯುತ್ತಿದ್ದೇನೆ. ನಾಚಿಕೆ, ನೋವು, ಅವೆಲ್ಲ ಇರಲಿ, ಅವಕ್ಕೆ ಅವುಗಳದೇ ಸಮಯ ಬೇಕು. ಆದರೆ ಕಾಗದವನ್ನು ಅವುಗಳ ಜೊತೆ ಹೂಳಬೇಡ. ತಡ ಮಾಡದೆ ಹೋಗಿ ತೆಗೆದುಕೋ.

ಲಾಯರ್ ಕಳಿಸಿದ ಪಿಡಿಎಫ್ ಓದುವುದಕ್ಕೆ ಸಾಕು, ತೋರಿಸುವುದಕ್ಕೆ ಸಾಲದು. ನಿನಗೆ ಬೇಕಾಗಿರುವುದು ಸರ್ಟಿಫೈಡ್ ಕಾಪಿ, ಅಂದರೆ ಕೋರ್ಟಿನ ದಾಖಲೆ ಕಾಯುವ ಕ್ಲರ್ಕ್ "ಇದು ನಮ್ಮಲ್ಲಿರುವ ಮೂಲದ ನಿಜವಾದ ಪ್ರತಿ" ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿದ ಪ್ರತಿ. ಹಾಸನದಲ್ಲಿ ಅದನ್ನು ದೃಢೀಕೃತ ನಕಲು ಅನ್ನುತ್ತಾರೆ. ತಾತನ ಜೀವಮಾನದ ಕೆಲಸವೇ ಅದು. ನಾಲ್ಕು ತೆಗೆದುಕೋ. ಇವತ್ತು ನಾಲ್ಕು ಯಾಕೆ ಅನ್ನಿಸುತ್ತದೆ. ಒಂದು ವಲಸೆ ಇಲಾಖೆಗೆ ಹೋಗುತ್ತದೆ: ನಾಗರಿಕತ್ವದ ಅರ್ಜಿಯಲ್ಲಿ ಹಿಂದಿನ ಮದುವೆ ಹೇಗೆ ಮುಗಿಯಿತು ಅನ್ನುವುದಕ್ಕೆ ದಾಖಲೆ ಕೇಳುತ್ತಾರೆ. ಇನ್ನೊಂದು ಭಾರತಕ್ಕೆ. ಮತ್ತೊಂದು ಹೆಸರು ಬದಲಾವಣೆ, ಪಾಸ್‌ಪೋರ್ಟು, ಬ್ಯಾಂಕು ಅಂತ ತಿರುಗುತ್ತಿರುತ್ತದೆ. ಕೊನೆಯದು ಮನೆಯಲ್ಲಿರಬೇಕು, ಯಾರಿಗೂ ಕೊಡಕೂಡದು.

ಎಲ್ಲಿಗೆ ಹೋಗಬೇಕು ಅನ್ನುವುದರಲ್ಲೇ ನಮ್ಮವರು ತುಂಬ ಎಡವುತ್ತಾರೆ. ಅಮೆರಿಕ ಒಂದೇ ದೇಶ, ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಎಲ್ಲ ಇರುತ್ತದೆ ಅಂದುಕೊಳ್ಳುತ್ತಾರೆ. ವಿಚ್ಛೇದನ ಇಲ್ಲಿ ರಾಜ್ಯದ ಕಾನೂನು, ಅದನ್ನು ಕೊಡುವುದು ಸ್ಥಳೀಯ ಕೋರ್ಟು, ಕಾಗದ ಉಳಿಯುವುದು ಬಹುಪಾಲು ಆಯಾ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ ಅಂದುಕೋ. ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚಿವೆ, ಟೆಕ್ಸಸ್ ಒಂದರಲ್ಲೇ 254. ಫೆಡರಲ್ ಕೋರ್ಟುಗಳ ದಾಖಲೆ ತೋರಿಸುವ ಪೇಸರ್ ಅನ್ನುವ ಜಾಲತಾಣದಲ್ಲಿ ಹುಡುಕಿದರೆ ವಿಚ್ಛೇದನದ ಫೈಲು ಸಿಗುವುದಿಲ್ಲ, ಫೆಡರಲ್ ಕೋರ್ಟು ವಿಚ್ಛೇದನ ಕೊಡುವುದೇ ಇಲ್ಲ. ಮದುವೆ ಎಲ್ಲಾಯಿತು ಅನ್ನುವುದೂ ಇಲ್ಲಿ ಲೆಕ್ಕಕ್ಕಿಲ್ಲ. ವಿಚ್ಛೇದನದ ಅರ್ಜಿ ಎಲ್ಲಿ ಹಾಕಿದರು ಅನ್ನುವುದೇ ಮುಖ್ಯ. 1931ರಲ್ಲಿ ನೆವಾಡಾ ರಾಜ್ಯ ಆರು ವಾರ ಇದ್ದರೆ ಸಾಕು, ವಿಚ್ಛೇದನ ಕೇಳಬಹುದು ಅಂತ ಮಾಡಿದಾಗ ದೇಶದ ಮೂಲೆಮೂಲೆಯಿಂದ ಜನ ರೀನೋ ಊರಿಗೆ ಹೋಗಿ ಆರು ವಾರ ಇದ್ದು ಬಂದರು. ಅವರ ಮದುವೆ ಎಲ್ಲೇ ಆಗಿರಲಿ, ಸಂಸಾರ ಎಲ್ಲೇ ಇರಲಿ, ಆ ಕಾಗದಗಳು ರೀನೋ ಇರುವ ವಾಷೋ ಕೌಂಟಿಯವು.

ಕೋರ್ಟಿನ ಹೆಸರೂ ರಾಜ್ಯಕ್ಕೊಂದು. ಕ್ಯಾಲಿಫೋರ್ನಿಯಾದಲ್ಲಿ ಸುಪೀರಿಯರ್ ಕೋರ್ಟ್, ಫ್ಲೋರಿಡಾ ಮತ್ತು ಇಲಿನಾಯ್‌ನಲ್ಲಿ ಸರ್ಕಿಟ್ ಕೋರ್ಟ್, ಪೆನ್ಸಿಲ್ವೇನಿಯಾದ ಬಹುಪಾಲು ಕೌಂಟಿಗಳಲ್ಲಿ ದಾಖಲೆ ಕಾಯುವವರಿಗೆ ಪ್ರೊಥೊನೊಟರಿ ಅನ್ನುವ ಹಳೆಯ ಹೆಸರು. ನ್ಯೂಯಾರ್ಕಿನಲ್ಲಿ ವಿಚ್ಛೇದನ ಕೊಡುವ ಕೋರ್ಟಿನ ಹೆಸರು ಸುಪ್ರೀಂ ಕೋರ್ಟ್. ಸುಪ್ರೀಂ ಅಂದರೂ ಅದು ಮೇಲಿನ ಕೋರ್ಟಲ್ಲ, ಅಲ್ಲಿನ ವಿಚಾರಣಾ ಕೋರ್ಟೇ. ಕಾಗದ ಮಾತ್ರ ಕೌಂಟಿ ಕ್ಲರ್ಕ್ ಹತ್ತಿರ.

ನಿನ್ನ ಟೆಕ್ಸಸ್‌ನಲ್ಲಿ ಒಂದು ತೊಡಕಿದೆ, ಚೆನ್ನಾಗಿ ನೆನಪಿಟ್ಟುಕೋ. ಅಲ್ಲಿ ಬಹುಪಾಲು ಕಡೆ ಕೌಂಟಿ ಕ್ಲರ್ಕ್ ಬೇರೆ, ಡಿಸ್ಟ್ರಿಕ್ಟ್ ಕ್ಲರ್ಕ್ ಬೇರೆ. ಮದುವೆಯ ಲೈಸೆನ್ಸು, ಜಮೀನಿನ ಪತ್ರ ಕೌಂಟಿ ಕ್ಲರ್ಕ್ ಹತ್ತಿರ ಇರುತ್ತವೆ. ವಿಚ್ಛೇದನ ಕೊಡುವುದು ಸಾಮಾನ್ಯವಾಗಿ ಡಿಸ್ಟ್ರಿಕ್ಟ್ ಕೋರ್ಟ್, ಆದ್ದರಿಂದ ಡಿಕ್ರಿ, ಅಂದರೆ ವಿಚ್ಛೇದನದ ತೀರ್ಪು, ಇರುವುದು ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರ. ಕೌಂಟಿ ಅನ್ನುವ ಪದ ನೋಡಿ ಮೊದಲನೆಯ ಕಿಟಕಿಯ ಸಾಲಿನಲ್ಲಿ ಒಂದು ಗಂಟೆ ನಿಂತು, ಇಲ್ಲಿ ಅಲ್ಲ ಅಂತ ಕೇಳಿಸಿಕೊಂಡು ಅತ್ತವರನ್ನು ನಾನು ಬಲ್ಲೆ. ಆ ದಿನಗಳಲ್ಲಿ ಅಷ್ಟು ಸಾಕು ಅಳುವುದಕ್ಕೆ. ಇನ್ನೊಂದು, ನೀನಿರುವ ಫ್ರಿಸ್ಕೊ ಊರೇ ಎರಡು ಕೌಂಟಿಗಳಲ್ಲಿ ಹರಡಿದೆ, ಅರ್ಧ ಕಾಲಿನ್, ಅರ್ಧ ಡೆಂಟನ್. ಅದಕ್ಕೆ ಊರಿನ ಹೆಸರು ನೋಡಿ ಊಹೆ ಮಾಡಬೇಡ. ಪಿಡಿಎಫ್ ತೆಗೆದು ಮೊದಲನೆಯ ಪುಟದ ಮೇಲ್ಭಾಗ ಮಾತ್ರ ನೋಡು. ಕಾಸ್ ನಂಬರ್ (ಕೇಸಿನ ನಂಬರೇ ಅದು), ಎಷ್ಟನೆಯ ಡಿಸ್ಟ್ರಿಕ್ಟ್ ಕೋರ್ಟ್, ಯಾವ ಕೌಂಟಿ, ಮೂರೂ ಅಲ್ಲಿರುತ್ತವೆ. ಮೂರನ್ನೂ ಡೈರಿಯಲ್ಲಿ, ಕೈಯಿಂದ ಬರೆದುಕೋ. ಫೋನು ಕಳೆದುಹೋಗುತ್ತದೆ, ಲಾಯರ್ ಆಫೀಸು ಮುಚ್ಚಿಹೋಗುತ್ತದೆ. ಆ ನಂಬರೊಂದಿದ್ದರೆ ನಲವತ್ತು ವರ್ಷದ ಮೇಲೂ ತೀರ್ಪು ಸಿಗುತ್ತದೆ.

ರಾಜ್ಯದ ಆರೋಗ್ಯ ಇಲಾಖೆಯಿಂದ ತರಿಸಿಕೊಂಡರೆ ಸುಲಭ ಅಂತ ಯಾರಾದರೂ ಹೇಳಬಹುದು. ಟೆಕ್ಸಸ್‌ನ ಆ ಇಲಾಖೆ ಕೊಡುವುದು 1968ರಿಂದೀಚಿನ ವಿಚ್ಛೇದನಗಳಿಗೆ ಒಂದು ಪರಿಶೀಲನಾ ಪತ್ರ, ಇಂಥವರ ವಿಚ್ಛೇದನ ಇಂಥ ಕೌಂಟಿಯಲ್ಲಿ ಇಂಥ ದಿನ ಆಗಿದೆ ಅಂತ. ಅದು ಡಿಕ್ರಿ ಅಲ್ಲ. ಕ್ಯಾಲಿಫೋರ್ನಿಯಾದ ಇಲಾಖೆಯ ಹತ್ತಿರ 1962ರಿಂದ 1984ರ ಜೂನ್‌ವರೆಗಿನ ವಿವರ ಮಾತ್ರ ಇದೆ. ಕೌಂಟಿ ಯಾವುದು ಅಂತಲೇ ಗೊತ್ತಿಲ್ಲದವರಿಗೆ ಇಂಥ ಪತ್ರ ದಾರಿ ತೋರಿಸುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಹೆಸರು ಹಾಕಿದರೆ ಎಲ್ಲ ದಾಖಲೆ ತೋರಿಸುತ್ತೇವೆ ಅಂತ ದುಡ್ಡು ಕೇಳುವ ಖಾಸಗಿ ಕಂಪನಿಗಳ ತಂಟೆಗೆ ಹೋಗಬೇಡ. ಅವರ ಕೈಯಲ್ಲಿ ಕೋರ್ಟಿನ ಮೊಹರಿಲ್ಲ.

ಹೆಸರಿನ ವಿಷಯ ಹೇಳಿದೆನಲ್ಲ, ಅದನ್ನು ಇನ್ನೊಂದು ಸ್ವಲ್ಪ ಹೇಳಬೇಕು. ನಿನ್ನ ಕೇಸಿಗೆ ನಂಬರಿದೆ, ಆದರೆ ನಾಳೆ ನಿನ್ನ ಹತ್ತಿರ ಯಾರೋ ಬಂದು ಹಳೆಯ ಫೈಲು ಹುಡುಕಿಕೊಡು ಅಂದಾರು, ನೀನು ಅಂಥ ಹುಡುಗಿ. ನಮ್ಮ ಕಡೆ ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ತಂದೆಯದು. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದಾಗ ಯಾವುದು ಸರ್‌ನೇಮ್ ಆಯಿತು ಅನ್ನುವುದು ಅವತ್ತು ಬರೆದವರ ಕೈಯಲ್ಲಿತ್ತು. ಸರ್‌ನೇಮೇ ಇಲ್ಲದ ಪಾಸ್‌ಪೋರ್ಟಾದರೆ ಅಮೆರಿಕದ ವೀಸಾದಲ್ಲಿ ಇಟ್ಟ ಹೆಸರನ್ನೇ ಸರ್‌ನೇಮ್ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಮೂರಕ್ಷರ ಬರೆಯುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಗೌಡ ಅನ್ನುವುದನ್ನು ಒಬ್ಬರು ಡಬ್ಲ್ಯೂ ಹಾಕಿ ಬರೆದರೆ ಇನ್ನೊಬ್ಬರು ಯು ಹಾಕಿ ಬರೆಯುತ್ತಾರೆ. ಲಕ್ಷ್ಮಿಯಲ್ಲಿ ಒಮ್ಮೆ ಕೆಎಸ್‌ಎಚ್, ಒಮ್ಮೆ ಎಕ್ಸ್. ಮೂರ್ತಿಯ ಕೊನೆಗೆ ವೈ ಇದೆಯೋ ಐ ಇದೆಯೋ ದೇವರೇ ಬಲ್ಲ. ಇಲ್ಲಿನ ಕ್ಲರ್ಕುಗಳ ಸೂಚಿ ಇರುವುದು ಇಬ್ಬರ ಹೆಸರಿನ ಮೇಲೆ, ಹಳೆಯ ಕಾಲದ್ದಾದರೆ ದೊಡ್ಡ ಪುಸ್ತಕದಲ್ಲಿ, ಅರ್ಜಿ ಹಾಕಿದವರದು ಒಂದು ಕಡೆ, ಎದುರಿನವರದು ಇನ್ನೊಂದು ಕಡೆ. ಹೋಗುವ ಮೊದಲು ಇಬ್ಬರ ಹೆಸರುಗಳ ಎಲ್ಲ ರೂಪಗಳನ್ನೂ ಬರೆದುಕೊಂಡು ಹೋಗಬೇಕು. ಹೇಳಿದ ವರ್ಷದ ಹಿಂದೆ ಎರಡು, ಮುಂದೆ ಎರಡು ವರ್ಷ ನೋಡಿಸಬೇಕು. ಮನಸ್ಸು ನೊಂದ ಕಾಲದ ತಾರೀಖನ್ನು ಯಾರೂ ಸರಿಯಾಗಿ ನೆನಪಿಟ್ಟುಕೊಂಡಿರುವುದಿಲ್ಲ. ಹಳೆಯ ಫೈಲು ಕೋರ್ಟಿನಲ್ಲೇ ಇರಬೇಕೆಂದಿಲ್ಲ, ಊರಾಚೆಯ ಉಗ್ರಾಣದಲ್ಲೋ ಮೈಕ್ರೋಫಿಲ್ಮಿನಲ್ಲೋ ಇದ್ದರೆ ತರಿಸಲು ದಿನ ಹಿಡಿಯುತ್ತದೆ. ಕೆಲವು ರಾಜ್ಯಗಳಲ್ಲಿ ತೀರ್ಪನ್ನು ಶಾಶ್ವತವಾಗಿ ಇಟ್ಟು, ಉಳಿದ ಕಾಗದಗಳನ್ನು ಇಷ್ಟು ವರ್ಷವಾದ ಮೇಲೆ ನಾಶ ಮಾಡಲು ಕಾನೂನು ಬಿಡುತ್ತದೆ. ಪೂರ್ತಿ ಫೈಲು ಬೇಕಿದ್ದವರು ತಡ ಮಾಡಬಾರದು.

ಪೂರ್ತಿ ಫೈಲು ಯಾಕೆ ಬೇಕು? ನಿನಗೆ ಬೇಕು ಕಣಮ್ಮ, ನಿನ್ನ ಮದುವೆ ನಡೆದದ್ದು ಹಾಸನದಲ್ಲಿ, ಹಿಂದೂ ವಿವಾಹ ಕಾಯ್ದೆಯ ಪ್ರಕಾರ. ಟೆಕ್ಸಸ್ ಕೋರ್ಟಿನ ಡಿಕ್ರಿಯನ್ನು ನಾಳೆ ಭಾರತದ ಕೋರ್ಟು ಒಪ್ಪಬೇಕಾದರೆ ಡಿಕ್ರಿ ಒಂದೇ ಸಾಲದೆ ಹೋಗಬಹುದು. 1991ರಲ್ಲಿ ನಮ್ಮ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ತಿರುಪತಿಯಲ್ಲಿ ಮದುವೆಯಾದ ದಂಪತಿ. ಗಂಡ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಕೌಂಟಿಯ ಸರ್ಕಿಟ್ ಕೋರ್ಟಿನಲ್ಲಿ ವಿಚ್ಛೇದನ ಪಡೆದು, ಊರಿಗೆ ಬಂದು ಇನ್ನೊಂದು ಮದುವೆಯಾದ. ಹೆಂಡತಿ ಮಿಸೌರಿ ಕೋರ್ಟಿನ ಅಧಿಕಾರವನ್ನು ಒಪ್ಪಿರಲಿಲ್ಲ. ಡಿಕ್ರಿ ಕೊಟ್ಟ ಕಾರಣ ಹಿಂದೂ ವಿವಾಹ ಕಾಯ್ದೆಯಲ್ಲಿ ಇರಲಿಲ್ಲ. ಸುಪ್ರೀಂ ಕೋರ್ಟು ಆ ಡಿಕ್ರಿಯನ್ನು ಮಾನ್ಯ ಮಾಡಲಿಲ್ಲ. ಆ ತೀರ್ಪಿನಲ್ಲಿ ಇನ್ನೊಂದು ಸಣ್ಣ ವಿಷಯವಿದೆ, ತಾತ ಇದ್ದಿದ್ದರೆ ಅದರ ಮೇಲೇ ಬೆರಳಿಡುತ್ತಿದ್ದರು. ಗಂಡ ಹಾಜರುಪಡಿಸಿದ ಪ್ರತಿಗೆ ಮಿಸೌರಿಯ ಸರ್ಕಿಟ್ ಕ್ಲರ್ಕ್ ದೃಢೀಕರಣ ಇತ್ತು. ಆದರೆ ಆಗಿನ ಸಾಕ್ಷ್ಯ ಕಾಯ್ದೆಯ 86ನೇ ಕಲಮು ಕೇಳುವಂತೆ ಅಮೆರಿಕದಲ್ಲಿದ್ದ ಭಾರತ ಸರ್ಕಾರದ ಪ್ರತಿನಿಧಿಯ ದೃಢೀಕರಣ ಇರಲಿಲ್ಲ. ಅಷ್ಟಕ್ಕೇ ಆ ಪ್ರತಿ ಸಾಕ್ಷ್ಯವಾಗಲಿಲ್ಲ. ಒಂದು ಮೊಹರು ಇತ್ತು, ಎರಡನೆಯದು ಇರಲಿಲ್ಲ.

ನಿನ್ನ ವಿಷಯ ಬೇರೆ, ಹೆದರಬೇಡ. ಅದೇ ತೀರ್ಪು ಕೆಲವು ಬಾಗಿಲುಗಳನ್ನು ತೆರೆದಿಟ್ಟಿದೆ. ಎದುರಿನವರು ಮನಃಪೂರ್ವಕವಾಗಿ ಒಪ್ಪಿದ್ದರೆ ಅನ್ನುವುದು ಅವುಗಳಲ್ಲೊಂದು. ನೀವಿಬ್ಬರೂ ಟೆಕ್ಸಸ್‌ನಲ್ಲೇ ಇದ್ದೀರಿ, ಇಬ್ಬರೂ ಒಪ್ಪಿ ಸಹಿ ಹಾಕಿದ್ದೀರಿ. ಆದರೆ ಒಪ್ಪಿದ್ದು ನಿಜ ಅಂತ ಹೇಳುವುದು ಯಾವುದು? ಫೈಲಿನಲ್ಲಿರುವ ಅರ್ಜಿ, ಅವನು ಕೊಟ್ಟ ಉತ್ತರ ಅಥವಾ ನೋಟಿಸು ಬೇಡವೆಂದು ಬರೆದುಕೊಟ್ಟ ಕಾಗದ, ಡಿಕ್ರಿಯ ಕೊನೆಯ ಪುಟದಲ್ಲಿರುವ ಎರಡೂ ಸಹಿ. ಅವಕ್ಕೂ ಸರ್ಟಿಫೈಡ್ ಪ್ರತಿ ತೆಗೆಸು. ಬೆಂಗಳೂರಿನಲ್ಲಿ ಕುಟುಂಬ ನ್ಯಾಯಾಲಯದ ಕೆಲಸ ಬಲ್ಲ ಒಬ್ಬ ವಕೀಲರಿಗೆ ಇವನ್ನು ತೋರಿಸಿ ಅವರ ಮಾತು ಕೇಳು. ಭಾರತಕ್ಕೆ ಹೋಗುವ ಪ್ರತಿಗೆ ಅಪೋಸ್ಟಿಲ್ ಹಾಕಿಸು, ಒಂದು ದೇಶದ ಸರ್ಕಾರಿ ಕಾಗದವನ್ನು ಇನ್ನೊಂದು ದೇಶ ಒಪ್ಪುವಂತೆ ಮಾಡುವ ದೃಢೀಕರಣ ಅದು. ಅದಕ್ಕೆ ಆಧಾರವಾದ ಹೇಗ್ ಒಪ್ಪಂದ ಭಾರತದಲ್ಲಿ 2005ರ ಜುಲೈ 14ರಿಂದ ಜಾರಿಯಲ್ಲಿದೆ. ಕೌಂಟಿಯ ಕಾಗದಕ್ಕೆ ಅಪೋಸ್ಟಿಲ್ ಕೊಡುವುದು ಆಯಾ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್, ನಿನಗಾದರೆ ಆಸ್ಟಿನ್‌ನಲ್ಲಿ. ವಾಷಿಂಗ್ಟನ್‌ಗೆ ಕಳಿಸಿದರೆ ಹಾಗೇ ವಾಪಸ್ ಬರುತ್ತದೆ. ಅದರ ಜೊತೆಗೆ ಹೂಸ್ಟನ್‌ನ ನಮ್ಮ ಕಾನ್ಸುಲೇಟಿನ ದೃಢೀಕರಣವೂ ಬೇಕೇ ಅಂತ ಅದೇ ವಕೀಲರನ್ನು ಮೊದಲೇ ಕೇಳಿಕೋ. ಈಗ ಕೆಲವು ಕೌಂಟಿಗಳಲ್ಲಿ ಕಂಪ್ಯೂಟರಿನಲ್ಲೇ ಸರ್ಟಿಫೈಡ್ ಪ್ರತಿ ಕೊಡುತ್ತಾರೆ. ನೀನು ಶಾಯಿ ಸಹಿ, ಒತ್ತಿದ ಮೊಹರಿನದೇ ಕೇಳು.

ಪ್ರತಿ ಕೈಗೆ ಬಂದ ಮೇಲೆ ಓದಬೇಕು. ಇದನ್ನು ಕೈಮುಗಿದು ಕೇಳುತ್ತೇನೆ. ಪ್ರತಿ ಪುಟ ಓದು, ನಾನು ಮಾಡಿದ ಹಾಗೆ ಮಾಡಬೇಡ. ಮೊದಲು ಹೆಸರು ಮತ್ತು ತಾರೀಖು. ಒಂದಕ್ಷರ ತಪ್ಪಿದ್ದರೂ ಲಾಯರಿಗೆ ತಕ್ಷಣ ಹೇಳು. ಟೆಕ್ಸಸ್‌ನಲ್ಲಿ ಜಡ್ಜ್ ಸಹಿಯಾದ ಮೂವತ್ತು ದಿನದೊಳಗೆ ತಿದ್ದಿಸುವುದು ಸುಲಭ, ಆಮೇಲೆ ಅದಕ್ಕೇ ಬೇರೆ ಅರ್ಜಿ ಹಾಕಬೇಕು. ನಿನ್ನ ಹುಟ್ಟುಹೆಸರು ವಾಪಸ್ ಬೇಕು ಅಂತ ಕೇಳಿದ್ದೆಯಲ್ಲ, ಆ ಸಾಲು ಡಿಕ್ರಿಯಲ್ಲಿ ಇದೆಯೇ ನೋಡು. ಇದ್ದರೆ ಸೋಷಿಯಲ್ ಸೆಕ್ಯುರಿಟಿ ಕಚೇರಿಯಲ್ಲಿ, ಲೈಸೆನ್ಸಿನಲ್ಲಿ ಹೆಸರು ಬದಲಾವಣೆಗೆ ಆಧಾರವಾಗಿ ಅದೊಂದೇ ಸಾಕು. ಆಸ್ತಿ ಹಂಚಿಕೆಯ ಕರಾರು ಬೇರೆ ಕಾಗದದಲ್ಲಿದ್ದು ಡಿಕ್ರಿ ಅದನ್ನು ಬರೀ ಹೆಸರಿಸಿದ್ದರೆ, ಆ ಕರಾರಿನ ಪ್ರತಿಯೂ ಬೇಕು. ಇಲ್ಲದಿದ್ದರೆ ನಿನ್ನ ಕೈಯಲ್ಲಿರುವುದು ಅರ್ಧ ತೀರ್ಪು. ಅವನ ನಿವೃತ್ತಿ ನಿಧಿಯಲ್ಲಿ ನಿನಗೆ ಪಾಲು ಬರೆದಿದ್ದರೆ, ಅದನ್ನು ಕೊಡಿಸಲು ಸಾಮಾನ್ಯವಾಗಿ ಕ್ವಾಡ್ರೊ ಅನ್ನುವ ಇನ್ನೊಂದು ಆದೇಶ ಬೇಕಾಗುತ್ತದೆ. ಡಿಕ್ರಿಯಲ್ಲಿ ಪಾಲು ಬರೆದು ಆ ಆದೇಶ ಮಾಡಿಸದೆ ಬಿಟ್ಟವರು ಎಷ್ಟೋ ಜನ. ಆದೇಶಕ್ಕೆ ಜಡ್ಜ್ ಸಹಿ ಆಗಿದೆಯೇ, ನಿಧಿಯವರಿಗೆ ಸರ್ಟಿಫೈಡ್ ಪ್ರತಿ ಹೋಗಿದೆಯೇ ಅಂತ ಇವತ್ತೇ ಕೇಳು. ಮಗುವಿನ ಅಮೆರಿಕದ ಪಾಸ್‌ಪೋರ್ಟಿಗೆ ಹದಿನಾರು ತುಂಬುವವರೆಗೆ ತಂದೆತಾಯಿ ಇಬ್ಬರ ಒಪ್ಪಿಗೆ ಬೇಕು, ಒಬ್ಬರಿಗೇ ಪೂರ್ಣ ಹಕ್ಕು ಕೊಟ್ಟ ಆದೇಶ ಇದ್ದರೆ ಬೇಡ. ಅಜ್ಜಿಯನ್ನು ನೋಡಲು ಹಾಸನಕ್ಕೆ ಕರೆದುಕೊಂಡು ಹೋಗುವ ಆಸೆ ನಿನಗಿದೆ, ಆ ಭಾಗವನ್ನು ಎರಡು ಸಲ ಓದು.

ಹಾಗೆಯೇ ಆ ಕಾಗದವನ್ನು ವಾಟ್ಸ್ಯಾಪಿನಲ್ಲಿ ಯಾರಿಗೂ ಕಳಿಸಬೇಡ, ನಿನ್ನಪ್ಪನಿಗೂ. ಮಕ್ಕಳಿರುವವರ ಆದೇಶದಲ್ಲಿ ಸೋಷಿಯಲ್ ಸೆಕ್ಯುರಿಟಿ ನಂಬರು, ಲೈಸೆನ್ಸ್ ನಂಬರು, ವಿಳಾಸ ಬರೆಯಬೇಕೆಂದು ಟೆಕ್ಸಸ್ ಕಾನೂನೇ ಹೇಳುತ್ತದೆ.

ಫೈಲು ಎಲ್ಲರಿಗೂ ತೆರೆದಿರುತ್ತದಂತೆ, ಯಾರು ಬೇಕಾದರೂ ಓದಬಹುದಂತೆ ಅಂತ ನೀನು ಹಿಂದೊಮ್ಮೆ ಅತ್ತಿದ್ದೆ. ಬಹಳ ರಾಜ್ಯಗಳಲ್ಲಿ ಅದು ನಿಜ. ನ್ಯೂಯಾರ್ಕಿನಲ್ಲಿ ಮಾತ್ರ ದಂಪತಿ ಮತ್ತು ಅವರ ವಕೀಲರನ್ನು ಬಿಟ್ಟು ಬೇರೆಯವರಿಗೆ ಕೋರ್ಟಿನ ಆದೇಶವಿಲ್ಲದೆ ತೋರಿಸುವುದಿಲ್ಲ. ತೆರೆದಿರುವುದರಿಂದ ಒಳ್ಳೆಯದೂ ಇದೆ. ಹೋದ ವರ್ಷ ಊರಿನಿಂದ ನಮ್ಮ ಪರಿಚಯದವರು ಫೋನ್ ಮಾಡಿ, ಮಗಳಿಗೆ ಬಂದ ಗಂಡಿಗೆ ಅಮೆರಿಕದಲ್ಲಿ ಒಂದು ಮದುವೆ ಆಗಿ ಬಿಟ್ಟಿದೆಯಂತೆ, ನಿಜವೋ ಸುಳ್ಳೋ ತಿಳಿಯುವುದು ಹೇಗೆ ಅಂದರು. ಹುಡುಗನನ್ನೇ ಸರ್ಟಿಫೈಡ್ ಡಿಕ್ರಿ ಕೇಳಿ, ನೆಟ್ಟಗಿರುವವನು ಬೇಸರ ಮಾಡಿಕೊಳ್ಳುವುದಿಲ್ಲ ಅಂದೆ. ಕೊಟ್ಟ. ಅದರ ಮೇಲಿದ್ದ ನಂಬರನ್ನು ಆ ಕೌಂಟಿಯ ಕ್ಲರ್ಕ್ ಕಚೇರಿಗೆ ಹೇಳಿ ತಾಳೆ ನೋಡಿದೆ, ಸರಿಯಿತ್ತು. ಕೊನೆಯ ಆದೇಶ ಆಗಿದೆಯೇ, ಎಂದು ಆಯಿತು, ಅಷ್ಟನ್ನೇ ನೋಡಿದೆ. ಒಳಗಿನ ದೂರುಗಳನ್ನು ಕೇಳಲೂ ಇಲ್ಲ, ಓದಲೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 1970ಕ್ಕೆ ಮುಂಚೆ, ನ್ಯೂಯಾರ್ಕಿನಲ್ಲಿ 2010ರವರೆಗೂ, ಯಾರದೂ ತಪ್ಪಿಲ್ಲ ಅಂತ ಹೇಳಿ ಸುಮ್ಮನೆ ಬೇರೆಯಾಗಲು ನೇರ ದಾರಿಯೇ ಇರಲಿಲ್ಲ. ಬಿಡುಗಡೆ ಬೇಕಿದ್ದವರು ಒಬ್ಬರ ಮೇಲೊಬ್ಬರು ಕ್ರೌರ್ಯ, ವ್ಯಭಿಚಾರ ಅಂತ ಬರೆಯಬೇಕಾಗಿತ್ತು. ಹಳೆಯ ಫೈಲುಗಳಲ್ಲಿ ಅಂಥ ಮಾತುಗಳು ರಾಶಿ ಬಿದ್ದಿವೆ. ಎಷ್ಟೋ ಮಾತು ಕೋರ್ಟಿಗಾಗಿ ಬರೆದದ್ದು. ಬೇರೆಯವರ ಮನೆಯ ಅಂಥ ಹಾಳೆ ಎಂದಾದರೂ ನಿನ್ನ ಕೈಗೆ ಬಂದರೆ ಮಡಿಸಿ ವಾಪಸ್ ಕೊಡು. ನಿನ್ನ ಹಾಳೆಯಲ್ಲಿ ಅಂಥ ಒಂದು ಮಾತೂ ಇಲ್ಲ ಅಂತ ನಿನ್ನ ಲಾಯರ್ ಹೇಳಿದ್ದಾರೆ, ಅದಕ್ಕೆ ನಾನು ದೇವರಿಗೆ ದೀಪ ಹಚ್ಚಿದೆ.

ಮರುಮದುವೆಯ ಮಾತು ಈಗ ನಿನಗೆ ಬೇಡ. ಆದರೂ ಎರಡು ಅವಧಿ ತಿಳಿದಿರಲಿ: ಟೆಕ್ಸಸ್‌ನಲ್ಲಿ ಡಿಕ್ರಿಯಾದ ಮೂವತ್ತು ದಿನದೊಳಗೆ ಬೇರೆಯವರನ್ನು ಮದುವೆಯಾಗಕೂಡದು, ಹಿಂದೂ ವಿವಾಹ ಕಾಯ್ದೆಯ 15ನೇ ಕಲಮು ಅಪೀಲಿನ ಅವಧಿ ಮುಗಿಯುವವರೆಗೆ ಕಾಯಿ ಅನ್ನುತ್ತದೆ. ಅಷ್ಟೇ.

ಊರಿನಲ್ಲಿರುವ ನಿನ್ನ ಗೆಳತಿಯ ಅಕ್ಕನ ಡಿಕ್ರಿ ನ್ಯೂಜೆರ್ಸಿಯಲ್ಲಿದೆ ಅಂದಿದ್ದೆ. ಅವಳು ವಿಮಾನ ಹತ್ತಿ ಬರಬೇಕಾಗಿಲ್ಲ. ಆ ರಾಜ್ಯದ ಸುಪೀರಿಯರ್ ಕೋರ್ಟಿನ ಹಳೆಯ ವಿಚ್ಛೇದನದ ದಾಖಲೆ ಟ್ರೆಂಟನ್‌ನಲ್ಲಿ ಒಟ್ಟಾಗಿ ಇರುತ್ತದೆ, ಪತ್ರ ಬರೆದು ತರಿಸಬಹುದು. ಗುರುತಿನ ಚೀಟಿಯ ಪ್ರತಿ, ಎರಡೂ ಹೆಸರು, ವರ್ಷ, ಕೇಸಿನ ನಂಬರು ಗೊತ್ತಿದ್ದರೆ ಅದು, ಶುಲ್ಕ. ಶುಲ್ಕ ಎಷ್ಟು, ಹೇಗೆ ಕಟ್ಟಬೇಕು ಅಂತ ಮೊದಲು ಫೋನ್ ಮಾಡಿ ಕೇಳಲಿ. ನಮ್ಮ ಬ್ಯಾಂಕಿನ ರೂಪಾಯಿ ಡಿಡಿ ಇಲ್ಲಿ ನಡೆಯುವುದಿಲ್ಲ. ಅವಳಿಗೆ ತೊಂದರೆಯಾದರೆ ನನ್ನ ನಂಬರು ಕೊಡು.

ಶನಿವಾರ ಮಧ್ಯಾಹ್ನದ ವಿಮಾನಕ್ಕೆ ಟಿಕೆಟ್ ತೆಗೆದಿದ್ದೇನೆ. ವಯಸ್ಸು, ಮಂಡಿನೋವು ಅಂತೆಲ್ಲ ಹೇಳಿ ತಡೆಯಬೇಡ. ಭಾನುವಾರ ಮಗುವಿಗೆ ಅಕ್ಕಿರೊಟ್ಟಿ ಮಾಡಿಕೊಡುತ್ತೇನೆ. ಸೋಮವಾರ ಬೆಳಿಗ್ಗೆ ಅವನನ್ನು ಶಾಲೆಗೆ ಬಿಟ್ಟು ನಾವಿಬ್ಬರೂ ಹೊರಡೋಣ, ಪಿಡಿಎಫ್‌ನಲ್ಲಿ ಕಾಲಿನ್ ಅಂತಿದ್ದರೆ ಮೆಕಿನಿಗೆ, ಡೆಂಟನ್ ಅಂತಿದ್ದರೆ ಡೆಂಟನ್ ಊರಿಗೆ. ಲೈಸೆನ್ಸು ಮರೆಯದೆ ಇಟ್ಟುಕೋ. ಒಂದು ದಪ್ಪ ಲಕೋಟೆ ನಾನು ತರುತ್ತೇನೆ, ಮಡಿಸದೆ ಇಡುವಂಥದ್ದು. ನಕಲು ಬರುವವರೆಗೆ ಬೆಂಚಿನ ಮೇಲೆ ನಿನ್ನ ಪಕ್ಕದಲ್ಲಿ ಕೂತಿರುತ್ತೇನೆ, ಬಂದ ಮೇಲೆ ಅಲ್ಲೇ ಓದೋಣ. ನಿನಗೆ ಆಗದಿದ್ದರೆ ನಾನು ಓದಿ ಹೇಳುತ್ತೇನೆ.

ನಿನ್ನ ಅತ್ತೆ